ಹೋಮ್‌ನಿಂದ ಪ್ರೊ: ನಾಲ್ಕು ಮಂದಿಯ ಲೆಕ್ಕ ಇರುವ ಕಂಪ್ಯೂಟರ್‌ಗೆ ಬೇಕೇ ಬೇಕು

ವಿಂಡೋಸ್ 11 ಹೋಮ್ ಬಿಟ್ಟು ಪ್ರೊ ಹಾಕಿಸಬೇಕಾ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಕಂಪ್ಯೂಟರ್‌ನಲ್ಲಿ ಬೇರೆಯವರ ಕಾಗದಪತ್ರ ಇವೆಯಾ? ಇಲ್ಲ ಅಂದರೆ ದುಡ್ಡು ಉಳಿಸಿ. ಫೋಟೊ, ಸಿನಿಮಾ, ಮಕ್ಕಳ ಪ್ರಾಜೆಕ್ಟು, ಮನೆಯ ಬ್ಯಾಂಕ್ ಕೆಲಸ, ಇಷ್ಟಕ್ಕೆಲ್ಲ ಹೋಮ್ ಧಾರಾಳವಾಗಿ ಸಾಕು. ಪ್ರೊ ಹಾಕಿದ ಮಾತ್ರಕ್ಕೆ ಮಷಿನ್ ಜೋರಾಗಿ ಓಡುವುದಿಲ್ಲ. ಹೋಮ್ 128 ಜಿಬಿ ರ‍್ಯಾಮ್ ತನಕ ಬಳಸಿಕೊಳ್ಳುತ್ತದೆ, ಪ್ರೊ 2 ಟಿಬಿ ತನಕ. ನಮ್ಮ ಮನೆಗಳಲ್ಲಿ ಇರುವುದು 8 ಇಲ್ಲ 16 ಜಿಬಿ. ಆ ಅಂಕಿ ನೋಡಿ ಯಾರೂ ಆಸೆಪಡಬೇಕಾಗಿಲ್ಲ.

ನನ್ನ ವಿಷಯ ಬೇರೆ. ಹಾವೇರಿಯಲ್ಲಿ ಮನೆಯಿಂದಲೇ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳೂ ಇದ್ದಾರೆ. ಅವರ ಪ್ಯಾನು, ಆಧಾರ್, ಪಾಸ್‌ಬುಕ್ಕಿನ ಸ್ಕ್ಯಾನು, ಟ್ಯಾಲಿ ಡೇಟಾ ಎಲ್ಲವೂ ನನ್ನ ಮೇಜಿನ ಕೆಳಗಿನ ಒಂದು ಡಬ್ಬಿಯಲ್ಲಿ. ಒಬ್ಬ ಹಿರಿಯರು ಕಾಗದದ ಕಟ್ಟು ಕೊಡುವಾಗ, "ನಮ್ಮ ಮನಿ ಮಂದಿಗೂ ತೋರ್ಸಿಲ್ಲರಿ ಸರ, ನಿಮ್ಮ ಕೈಯಾಗ ಇಟ್ಟೀನಿ" ಅಂದಿದ್ದರು. ಅವರು ಹಾಗೆ ನಂಬಿ ಕೊಟ್ಟದ್ದನ್ನು ಕಾಯುವುದು ನನ್ನ ಕೆಲಸ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನನ್ನ ಹಳೆಯ ಮಷಿನ್‌ನಲ್ಲಿ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇರಲಿಲ್ಲ. ಹಾಗಾಗಿ ಹೊಸ ಸಿಪಿಯು ತಂದೆ. ಅದರ ಜೊತೆ ಬಂದದ್ದು ಹೋಮ್. ಲಾಗಿನ್ ಪಾಸ್‌ವರ್ಡ್ ಇದ್ದರೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿದರೆ, ಎನ್‌ಕ್ರಿಪ್ಟ್ ಆಗಿರದ, ಅಂದರೆ ಕೀ ಇಲ್ಲದೆ ಓದಲಾಗದ ಗುಪ್ತಲಿಪಿಗೆ ಬದಲಾಗಿರದ, ಡಿಸ್ಕಿನ ಫೈಲುಗಳೆಲ್ಲ ಹಾಗೇ ತೆರೆದುಕೊಳ್ಳುತ್ತವೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಮಷಿನ್ ರಿಪೇರಿಗೆ ಹೋದಾಗ, ಕಳುವಾದಾಗ, ಹಳೆಯ ಡಿಸ್ಕ್ ಮಾರಿದಾಗ ಆಗುವ ಅಪಾಯ ಇದೇ. ಹೋಮ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಅಂತ ಒಂದು ಸೌಲಭ್ಯ ಇದೆ, ಅದಕ್ಕೆ ಒಗ್ಗುವ ಮಷಿನ್‌ಗಳಲ್ಲಿ ಮಾತ್ರ. ಅದು ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ನಾನು ಬ್ಯಾಕಪ್ ಇಡುವುದೇ ಹೊರಗಿನ ಡಿಸ್ಕಿನಲ್ಲಿ. ಹೊರಗಿನ ಡಿಸ್ಕನ್ನೂ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಪೂರ್ತಿ ಸೌಲಭ್ಯ, ಬಿಟ್‌ಲಾಕರ್, ಬೇಕಿತ್ತು. ಅದು ಪ್ರೊನಲ್ಲೇ ಸಿಗುವುದು.

ಪ್ರೊನ ಲೈಸೆನ್ಸ್ ಕೀ ಕೊಳ್ಳುವ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಹುಡುಗ, "ಅಷ್ಟ್ ರೊಕ್ಕ ಯಾಕ ಕೊಡ್ತೀರಿ ಸರ, ನಾ ಐದುನೂರಕ್ಕ ಪ್ರೊ ಮಾಡಿ ಕೊಡ್ತೀನಿ" ಅಂದ. ಮಾಡಿಯೂ ಕೊಡುತ್ತಾನೆ, ಸುಳ್ಳಲ್ಲ. ಪರದೆಯ ಮೇಲೆ ಆಕ್ಟಿವ್ ಅಂತಲೇ ಬರುತ್ತದೆ. ಪರಿಚಯದ ಅಂಗಡಿಯವರೊಬ್ಬರು ಹಾಗೆ ಮಾಡಿಸಿದ್ದರು. ಅವರ ಮಷಿನ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಅಂತ ಹೊಡೆದೆ, ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್, ಡಿಎಲ್‌ಐ. ಒಂದು ಸಣ್ಣ ಕಿಟಕಿ ಬಂತು. ಅದರಲ್ಲಿ ವಾಲ್ಯೂಮ್, ಕೆಎಂಎಸ್ ಕ್ಲೈಂಟ್ ಅಂತ ಬರೆದಿತ್ತು. ಅದು ದೊಡ್ಡ ಆಫೀಸುಗಳಿಗೆ ಕೊಡುವ ಲೈಸೆನ್ಸ್. ಆ ಆಫೀಸಿನ ಸರ್ವರ್ ಜೊತೆ ಮಾತಾಡುತ್ತಾ ಇರಬೇಕು, ಅದರ ಅವಧಿ 180 ದಿನ. ಮನೆಯ ಮಷಿನ್‌ಗೆ ಅಂಥ ಸರ್ವರ್ ಎಲ್ಲಿಂದ ಬರಬೇಕು? ಅದನ್ನು ನಕಲು ಮಾಡಲು ಆಕ್ಟಿವೇಟರ್ ಅಂತ ಒಂದು ತಂತ್ರಾಂಶ ಹಾಕಿರುತ್ತಾರೆ, ಹಾಕುವಾಗ ಆಂಟಿವೈರಸ್ ಬಂದ್ ಮಾಡಿಸುತ್ತಾರೆ. ಗಿರಾಕಿಗಳ ಕಾಗದ ಕಾಯಲು ಅಂತ ಪ್ರೊ ಹಾಕಿಸಿ, ಅದಕ್ಕಾಗಿ ಕಾವಲುಗಾರನನ್ನೇ ಹೊರಗೆ ಕಳಿಸುವುದು ಸರಿಯಲ್ಲ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆ ಇರುವ ಒಂದು ಅಂಗಡಿಯಲ್ಲಿ ಕೇಳಿದೆ. ಕೌಂಟರಿನಲ್ಲಿದ್ದವರು ಮೊದಲು ಕೇಳಿದ್ದೇ, "ಈಗಿರೋ ಹೋಮ್ ಆಕ್ಟಿವ್ ಐತೇನ್ರಿ?" ಅಂತ. ಸರಿಯಾದ ಪ್ರಶ್ನೆ. ಹೋಮ್ ಅಸಲಿಯಾಗಿ ಆಕ್ಟಿವ್ ಆಗಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲೇ ಅಪ್‌ಗ್ರೇಡ್ ಕೊಳ್ಳಬಹುದು, ಅಂಗಡಿಗೆ ಬರುವುದೇ ಬೇಡ ಅಂತ ಅವರೇ ಹೇಳಿದರು. ನಾನು ಬಿಲ್ಲಿಗೋಸ್ಕರ ಅಂಗಡಿಯಲ್ಲೇ ಕೊಂಡೆ. ರಿಟೇಲ್ ಕೀ ಬೇಕು ಅಂತ ಬಾಯಿಬಿಟ್ಟು ಕೇಳಿ. ಕಂಪ್ಯೂಟರ್ ತಯಾರಿಸುವವರಿಗೆ ಅಂತ ಇರುವ ಓಇಎಂ ಕೀ ಅಗ್ಗ, ಆದರೆ ಅದು ಒಂದೇ ಮಷಿನ್‌ಗೆ ಅಂಟಿಕೊಳ್ಳುತ್ತದೆ. ಮದರ್‌ಬೋರ್ಡ್ ಹೋಯಿತು ಅಂದರೆ ಹೊಸ ಮಷಿನ್‌ಗೆ ಒಯ್ಯಲು ಬರುವುದಿಲ್ಲ. ರಿಟೇಲ್ ಕೀಯನ್ನು ಒಯ್ಯಬಹುದು. ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದಾರಾ ನೋಡಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಕಡೆ ಕೀ ಕೊಳ್ಳಬೇಡಿ.

ಅಪ್‌ಗ್ರೇಡ್ ಆಗುವುದು ಬಹಳ ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್. ಅಲ್ಲಿ ಕೀ ಬದಲಿಸಿ ಅನ್ನುವ ಕಡೆ 25 ಅಕ್ಷರ ಹಾಕಬೇಕು. ಮಷಿನ್ ಆಫ್ ಆಗಿ ಆನ್ ಆಗುತ್ತದೆ, ಪರ್ಸೆಂಟ್ ಏರುತ್ತದೆ, ಅಷ್ಟೇ. ಫಾರ್ಮ್ಯಾಟ್ ಮಾಡುವುದು ಬೇಡ. ಟ್ಯಾಲಿ, ನುಡಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ನಿನ ಡ್ರೈವರು ಯಾವುದನ್ನೂ ನಾನು ಮತ್ತೆ ಹಾಕಬೇಕಾಗಲಿಲ್ಲ. ಆದರೂ ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಯುಪಿಎಸ್ ಚಾರ್ಜ್ ಆಗಿದೆಯಾ ನೋಡಿ.

ನಿಜವಾದ ಕೆಲಸ ಆಮೇಲೆ ಶುರು. ಪ್ರೊ ಹಾಕಿಸಿ ಬಿಟ್‌ಲಾಕರ್ ಆನ್ ಆಗಿದೆಯಾ ಅಂತ ನೋಡದೆ ಬಿಟ್ಟವರೂ ಇದ್ದಾರೆ. ಆನ್ ಮಾಡುವಾಗ 48 ಅಂಕಿಯ ರಿಕವರಿ ಕೀ ಕೊಡುತ್ತದೆ, ಆರಾರು ಅಂಕಿಯ ಎಂಟು ಗುಂಪು. ಲಾಕ್ ಮಾಡುತ್ತಿರುವ ಡಿಸ್ಕಿನಲ್ಲೇ ಅದನ್ನು ಉಳಿಸಲು ಬಿಡುವುದಿಲ್ಲ. ನಾನು ಪ್ರಿಂಟ್ ತೆಗೆದು ತಿಜೋರಿಯಲ್ಲಿ ಎಲ್‌ಐಸಿ ಬಾಂಡುಗಳ ಜೊತೆ ಇಟ್ಟಿದ್ದೇನೆ, ಮೈಕ್ರೋಸಾಫ್ಟ್ ಅಕೌಂಟಿನಲ್ಲೂ ಉಳಿಸಿದ್ದೇನೆ. ಆ ಹಾಳೆ ಏನು ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಕೀ ಕಳೆದುಹೋದರೆ ಕಂಪನಿಯವರೂ ಡಿಸ್ಕ್ ತೆರೆದು ಕೊಡಲಾರರು. ಇನ್ನೊಂದು ಪ್ರಶ್ನೆ ಕೇಳುತ್ತದೆ: ತುಂಬಿದ ಜಾಗ ಮಾತ್ರವಾ, ಇಡೀ ಡಿಸ್ಕಾ? ಈಗಾಗಲೇ ಬಳಸಿದ ಮಷಿನ್ ಆದರೆ ಇಡೀ ಡಿಸ್ಕ್ ಅನ್ನಿ. ಡಿಲೀಟ್ ಮಾಡಿದ ಫೈಲುಗಳ ಚೂರು ಖಾಲಿ ಜಾಗದಲ್ಲಿ ಉಳಿದಿರುತ್ತವೆ. ಹೊತ್ತು ಹಿಡಿಯುತ್ತದೆ, ಆದರೆ ಅದು ನಡೆಯುತ್ತಿರುವಾಗಲೇ ನಾವು ಕೆಲಸ ಮಾಡಬಹುದು. ನಡುವೆ ಕರೆಂಟ್ ಹೋದರೆ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆ. ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡುವ ಮೊದಲು ಮಾತ್ರ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಇಲ್ಲದಿದ್ದರೆ ಆ 48 ಅಂಕಿ ಕೇಳಬಹುದು.

ಹುಬ್ಬಳ್ಳಿಯ ಸಿಎ ಅವರಿಗೆ ಆಡಿಟ್ ಡೇಟಾ ಒಯ್ಯುವ ಪೆನ್‌ಡ್ರೈವ್‌ಗೂ ಲಾಕ್ ಹಾಕಿದ್ದೇನೆ. ಅವರ ಆಫೀಸಿನ ಒಂದು ಮಷಿನ್ ಹೋಮ್. ಪಾಸ್‌ವರ್ಡ್ ಕೊಟ್ಟರೆ ಅಲ್ಲೂ ತೆರೆಯುತ್ತದೆ. ಲಾಕ್ ಹಾಕಲು ಪ್ರೊ ಬೇಕು, ತೆರೆಯಲು ಬೇಕಿಲ್ಲ. ಬಸ್ಸಿನಲ್ಲಿ ಜೇಬಿನಿಂದ ಬಿದ್ದರೆ ಏನು ಗತಿ ಅನ್ನುವ ಚಿಂತೆ ನನಗೆ ಈಗಿಲ್ಲ.

ಅಪ್‌ಡೇಟ್ ಮುಂದೂಡುವುದು ನನಗೆ ಎರಡನೇ ದೊಡ್ಡ ಲಾಭ. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ಅಂದರೆ 8ರಿಂದ 14ನೇ ತಾರೀಖಿನ ಒಳಗೆ. ನಮ್ಮ ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1ಕ್ಕೆ ಕೊನೆಯ ದಿನ 11. ಜಿಎಸ್‌ಟಿಆರ್-3ಬಿಗೆ 20. ರಿಟರ್ನ್ ತುಂಬುವ ಹೊತ್ತಿಗೇ ಮಷಿನ್ ರೀಸ್ಟಾರ್ಟ್ ಕೇಳಿದರೆ ಕೈಕಾಲು ಆಡುವುದಿಲ್ಲ ಅಲ್ವಾ? ಹೋಮ್‌ನಲ್ಲಿ ಅಪ್‌ಡೇಟನ್ನು ಕೈಯಾರೆ ನಿಲ್ಲಿಸಿಡಬಹುದು, 5 ವಾರದ ತನಕ. ಆದರೆ ಪ್ರತಿ ಸಲ ನೆನಪಿಟ್ಟು ಮಾಡಬೇಕು. ಪ್ರೊನಲ್ಲಿ ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗ್‌ಗಳ ಪಟ್ಟಿ ಇದೆ, ಅದರಲ್ಲಿ ಒಮ್ಮೆ ಹೇಳಿಬಿಟ್ಟರೆ ಸಾಕು. ತಿಂಗಳ ಅಪ್‌ಡೇಟನ್ನು 30 ದಿನದ ತನಕ ತಡೆಯಬಹುದು. ನಾನು 14 ದಿನ ಹಾಕಿದ್ದೇನೆ. ಹೀಗಾಗಿ ಅದು 22ರಿಂದ 28ರ ನಡುವೆ ಬರುತ್ತದೆ, ಆ ಹೊತ್ತಿಗೆ ಎರಡೂ ರಿಟರ್ನ್ ಮುಗಿದಿರುತ್ತವೆ. ಇದಕ್ಕಿಂತ ಜಾಸ್ತಿ ದಿನ ತಡೆಯಬೇಡಿ, ಅದರಲ್ಲಿ ಭದ್ರತೆಯ ರಿಪೇರಿಗಳೂ ಇರುತ್ತವೆ.

ದೂರದಿಂದಲೇ ನಮ್ಮ ಮಷಿನ್ ತೆರೆದು ಬಳಸುವ ಪ್ರೊನ ರಿಮೋಟ್ ಡೆಸ್ಕ್‌ಟಾಪನ್ನು ಎಲ್ಲರೂ ಹೊಗಳುತ್ತಾರೆ. ಚೆನ್ನಾಗಿಯೇ ಇದೆ. ಬ್ಯಾಡಗಿಯ ಅಂಗಡಿಯಲ್ಲಿ ಕೂತು ಲ್ಯಾಪ್‌ಟಾಪಿನಿಂದ ಮನೆಯ ಟ್ಯಾಲಿ ತೆರೆಯುತ್ತೇನೆ. ಆದರೆ ಮೂರು ಸಂಗತಿ ಮೊದಲೇ ಗೊತ್ತಿರಬೇಕು. ಪಿನ್ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡೇ ಬೇಕು. ನಾನು ಹೊರಗಿನಿಂದ ಬಂದರೆ ಮನೆಯಲ್ಲಿ ಕೂತವರ ಪರದೆ ಲಾಕ್ ಆಗುತ್ತದೆ, ಇಬ್ಬರೂ ಒಟ್ಟಿಗೆ ಕೆಲಸ ಮಾಡಲು ಆಗುವುದಿಲ್ಲ. ನಮ್ಮಂಥವರಿಗೆ ಮುಖ್ಯವಾದದ್ದು ಮೂರನೆಯದು: ಮನೆಯ ಮಷಿನ್‌ಗೆ ಚುಚ್ಚಿಟ್ಟ ಡಿಎಸ್‌ಸಿ ಟೋಕನ್ ರಿಮೋಟ್‌ನಲ್ಲಿ ಕಾಣುವುದಿಲ್ಲ. ಟೋಕನ್ ನಮ್ಮ ಎದುರಿನ ಲ್ಯಾಪ್‌ಟಾಪಿನಲ್ಲಿ ಇರಬೇಕು. ಸಹಿ ಮಾಡುವ ದಿನ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಹೊರಡಿ. ಇನ್ನು, ರೂಟರಿನಲ್ಲಿ 3389 ಪೋರ್ಟ್ ತೆರೆದು ಕೊಡ್ತೀನಿ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಪಾಸ್‌ವರ್ಡ್ ಊಹಿಸುವ ಕಳ್ಳರು ಇಂಟರ್‌ನೆಟ್ಟಿನಲ್ಲಿ ಹುಡುಕುವ ಬಾಗಿಲು ಅದು. ವಿಪಿಎನ್ (ಇಂಟರ್‌ನೆಟ್ಟಿನೊಳಗೆ ನಮ್ಮದೇ ಖಾಸಗಿ ದಾರಿ) ಹಾಕಿಸಿಕೊಂಡು ಅದರ ಒಳಗಿನಿಂದಲೇ ಬನ್ನಿ. ಬರೀ ರಿಮೋಟ್ ಒಂದೇ ಬೇಕು ಅನ್ನುವವರಿಗೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹೋಮ್‌ನಲ್ಲೇ ಪುಕ್ಕಟೆ ಸಿಗುತ್ತದೆ.

ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಹೈಪರ್-ವಿ ಕೂಡ ಪ್ರೊನಲ್ಲಿದೆ, ನನಗೆ ಬೇಕಾಗಿಲ್ಲ, ಮುಟ್ಟಿಲ್ಲ. ಉಳಿದ ಮಷಿನ್‌ನಿಂದ ಬೇರೆಯಾಗಿ ತೆರೆಯುವ ತಾತ್ಕಾಲಿಕ ವಿಂಡೋಸ್, ಸ್ಯಾಂಡ್‌ಬಾಕ್ಸ್, ಮಾತ್ರ ಇಷ್ಟವಾಯಿತು. ಗಿರಾಕಿಗಳು ಕಳಿಸುವ ಅನುಮಾನದ ಫೈಲನ್ನು ಅದರೊಳಗೆ ತೆರೆದು ನೋಡುತ್ತೇನೆ, ಮುಚ್ಚಿದರೆ ಎಲ್ಲವೂ ಅಳಿಸಿಹೋಗುತ್ತದೆ.

ನಮ್ಮ ಮನೆಯವರ ಲ್ಯಾಪ್‌ಟಾಪ್ ಹೋಮ್‌ನಲ್ಲೇ ಇದೆ, ಹಾಗೇ ಇರುತ್ತದೆ. ಹೋಮ್ ಮಷಿನ್‌ನಿಂದ ಪ್ರೊ ಮಷಿನ್‌ಗೆ ರಿಮೋಟ್ ಹಾಕಲು ಅಡ್ಡಿಯಿಲ್ಲ. ಬ್ಯಾಡಗಿಗೆ ನಾನು ಒಯ್ಯುವುದೂ ಅದನ್ನೇ. ಎರಡು ಮಷಿನ್ ಇದ್ದ ಮಾತ್ರಕ್ಕೆ ಎರಡು ಲೈಸೆನ್ಸ್ ಕೊಳ್ಳಬೇಡಿ, ಕಾಗದಪತ್ರ ಇರುವ ಮಷಿನ್‌ಗೆ ಒಂದೇ ಸಾಕು.