ಎಫ್-16 ಒಂದೇ, ಸಿಮ್ಯುಲೇಟರ್ ಎರಡು: ಡಿಸಿಎಸ್ ಹಾಕೋದಾ, ಬಿಎಂಎಸ್ ಹಾಕೋದಾ?

ನಮ್ಮ ಆಫೀಸ್ ಇರುವುದು ಮಾರತಹಳ್ಳಿ ಕಡೆ. ಎಚ್‌ಎಎಲ್‌ನಿಂದ ಎದ್ದ ತೇಜಸ್ ಗುಡುಗಿದರೆ ಎಲ್ಲರ ಕಣ್ಣೂ ಕಿಟಕಿಯತ್ತ. ಹಾಗಾಗಿ ಗೇಮ್ ರೂಮಿಗೆ ಜಾಯ್‌ಸ್ಟಿಕ್, ಥ್ರಾಟಲ್ (ಎಂಜಿನ್ ಬಲ ಹೆಚ್ಚುಕಡಿಮೆ ಮಾಡುವ ಹಿಡಿ) ಬಂದ ಕೂಡಲೇ ಯಾವ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲೇ ವಿಮಾನ ಹಾರಿಸುವ ಆಟ, ಹಾಕೋಣ ಅನ್ನುವ ಚರ್ಚೆ ಶುರುವಾಯಿತು. ಕೊನೆಗೆ ಉಳಿದದ್ದು ಡಿಸಿಎಸ್ ವರ್ಲ್ಡ್ ಮತ್ತು ಫಾಲ್ಕನ್ ಬಿಎಂಎಸ್. ನಾನು ಎರಡರಲ್ಲೂ ಅಮೆರಿಕದ ಯುದ್ಧವಿಮಾನ ಎಫ್-16 ಹಾರಿಸಿ ನೋಡಿದೆ. ಇದಕ್ಕೂ ತೇಜಸ್‌ನಂತೆ ಒಂದೇ ಎಂಜಿನ್, ಫ್ಲೈ-ಬೈ-ವೈರ್ (ಪೈಲಟ್‌ನ ಆಜ್ಞೆ ಕಂಪ್ಯೂಟರ್ ಮೂಲಕ ರೆಕ್ಕೆ-ಬಾಲಕ್ಕೆ ತಲುಪುವ ವ್ಯವಸ್ಥೆ).

ಮೊದಲು ದುಡ್ಡಿನ ವಿಷಯ. ಡಿಸಿಎಸ್ ಉಚಿತ, ಸು-25ಟಿ ಎಂಬ ರಷ್ಯಾದ ದಾಳಿ ವಿಮಾನ ಕೂಡ ಜೊತೆಗೇ ಬರುತ್ತದೆ. ಎಫ್-16 ಬೇಕೆಂದರೆ ಬೇರೆ ಕೊಳ್ಳಬೇಕು. ಬಿಎಂಎಸ್ ಕೂಡ ಉಚಿತವೇ, ಆದರೆ 1998ರ ಮೂಲ ಆಟ ಫಾಲ್ಕನ್ 4.0 ನಿಮ್ಮ ಹತ್ತಿರ ಇರಬೇಕು. ಅದಕ್ಕೆ ಜಾಸ್ತಿ ಖರ್ಚಿಲ್ಲ.

ನೋಡೋಕೆ ಡಿಸಿಎಸ್‌ಗೇ ನನ್ನ ಓಟು. ಕಾಕ್‌ಪಿಟ್‌ನಲ್ಲಿ ಸವೆದ ಬಣ್ಣ, ಗಾಜಿನ ಮೇಲಿನ ಗೀರುಗಳೂ ಕಾಣುತ್ತವೆ. ಎಂದೂ ಹಾರಿಸದವರನ್ನು ಕೂರಿಸಿದರೆ ಹತ್ತೇ ನಿಮಿಷದಲ್ಲಿ ಮುಖ ಅರಳುತ್ತದೆ. ಇನ್‌ಸ್ಟಂಟ್ ಆ್ಯಕ್ಷನ್ ಒತ್ತಿದರೆ ಸೀದಾ ಆಕಾಶದಲ್ಲೇ ಇರುತ್ತೀರಿ. ಊಟದ ಬಿಡುವಿಗೆ ಅದು ಸಾಕು, ಅಲ್ವಾ?

ಎಂಜಿನ್ ಚಾಲೂ ಮಾಡುವ ಕ್ರಮ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಎಂಜಿನ್ ಚಾಲೂ ಮಾಡುವ ಜೆಎಫ್‌ಎಸ್ ಸ್ವಿಚ್ಚನ್ನು ಸ್ಟಾರ್ಟ್ 2ಕ್ಕೆ ಹಾಕಿ, ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಶೇ. 20 ದಾಟಿದ ಮೇಲೆ ಥ್ರಾಟಲ್ಲನ್ನು ಐಡಲ್‌ಗೆ, ಅಂದರೆ ಕನಿಷ್ಠ ಬಲಕ್ಕೆ, ತರಬೇಕು. ಆಮೇಲೆ ವಿಮಾನ ಎಲ್ಲಿದೆ, ಯಾವ ಕಡೆಗಿದೆ ಅಂತ ಲೆಕ್ಕ ಹಾಕುವ ಐಎನ್‌ಎಸ್ ಹೊಂದಿಕೊಳ್ಳುವವರೆಗೆ ಕಾಯಬೇಕು. ಇಳಿಯುವಾಗ ಮಾತ್ರ ನನಗೆ ಬಿಎಂಎಸ್ ಹಿಡಿಸಿತು. ಚಕ್ರ ನೆಲ ಮುಟ್ಟಿದ ಮೇಲೂ ಮೂತಿಯನ್ನು 13 ಡಿಗ್ರಿ ಹತ್ತಿರ ಎತ್ತಿ ಹಿಡಿದರೆ ಗಾಳಿಯೇ ಬ್ರೇಕ್ ಆಗುತ್ತದೆ. 15 ದಾಟಿದರೆ ಬಾಲ ನೆಲಕ್ಕೆ ಉಜ್ಜುತ್ತದೆ. ಆ ಎರಡು ಡಿಗ್ರಿಯ ಅಂತರವನ್ನು ಕೈಯಲ್ಲೇ ಕಾಯ್ದುಕೊಳ್ಳುವ ಖುಷಿ ನನಗೆ ಬಿಎಂಎಸ್‌ನಲ್ಲೇ ಜಾಸ್ತಿ ಸಿಕ್ಕಿತು.

ಆದರೆ ನನ್ನನ್ನು ಪೂರ್ತಿ ಗೆದ್ದದ್ದು ಬಿಎಂಎಸ್‌ನ ಕ್ಯಾಂಪೇನ್, ಅಂದರೆ ಹಲವು ಹಾರಾಟಗಳು ಸೇರಿದ ಇಡೀ ಯುದ್ಧ. ಡಿಸಿಎಸ್‌ನಲ್ಲಿ ನಾನು ಆಡಿದ ಮಿಷನ್‌ಗಳು ಮೊದಲೇ ಬರೆದಿಟ್ಟಂಥವು. ಎರಡನೇ ಸಲ ಆಡುವಾಗ ಕ್ಷಿಪಣಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿರುತ್ತದೆ. ಬಿಎಂಎಸ್‌ನಲ್ಲಿ ಕೊರಿಯಾದಲ್ಲಿ ನಡೆಯುವ ಕಾಲ್ಪನಿಕ ಯುದ್ಧ ಹಾಗಲ್ಲ. ನೀವು ಹಾರದಿದ್ದರೂ ಅದು ನಡೆಯುತ್ತಲೇ ಇರುತ್ತದೆ. ನೀವು ಉರುಳಿಸಿದ ಸೇತುವೆ ಮುಂದಿನ ಹಾರಾಟದಲ್ಲೂ ಮುರಿದೇ ಇರುತ್ತದೆ, ಶತ್ರು ಪಡೆ ಆ ದಾರಿಯಲ್ಲಿ ಮುಂದೆ ಬರಲಾಗದೆ ಒದ್ದಾಡುತ್ತದೆ. ಮಧ್ಯಾಹ್ನದ ಹಾರಾಟದ ಫಲವನ್ನು ಸಂಜೆ ಸಹೋದ್ಯೋಗಿಯೊಬ್ಬರು ಮುಂದುವರಿಸುತ್ತಾರೆ. ಆಫೀಸಿನಲ್ಲಿ ಇಂಥ ಜಂಟಿ ಆಟಕ್ಕೆ ಬೆಲೆ ಬಹಳ.

ಕಲಿಯೋಕೆ ಮಾತ್ರ ತಾಳ್ಮೆ ಬೇಕು. ಬಿಎಂಎಸ್ ಜೊತೆಗೆ ಬರುವ ಕೈಪಿಡಿಗಳು ನೂರಾರು ಪುಟದವು. ಟ್ರೇನಿಂಗ್ ಮಿಷನ್‌ಗಳನ್ನು ಒಂದೊಂದಾಗಿ ಮಾಡಿ, ಸುಮ್ನೆ ಯುದ್ಧಕ್ಕೆ ಹಾರಬೇಡಿ.

ಒಂದೇ ಒಂದು ಹಾಕುವುದಾದರೆ ನಾನು ಬಿಎಂಎಸ್ ಹಾಕುತ್ತೇನೆ. ಮುಂದೆ ದುಡ್ಡು ಮಂಜೂರಾದರೆ ಕಾಲಿನ ಪೆಡಲ್‌ಗಿಂತ ಮೊದಲು ಹೆಡ್ ಟ್ರ್ಯಾಕರ್ (ತಲೆ ತಿರುಗಿಸಿದಂತೆ ಪರದೆಯ ನೋಟವನ್ನೂ ತಿರುಗಿಸುವ ಸಾಧನ) ತರಿಸಿ. ಎರಡರಲ್ಲೂ ಅದು ನಡೆಯುತ್ತದೆ. ತಲೆ ತಿರುಗಿಸಿ ಹಿಂದೆ ನೋಡಲಾಗದಿದ್ದರೆ ಡಾಗ್‌ಫೈಟ್‌ನಲ್ಲಿ, ಅಂದರೆ ವಿಮಾನಗಳ ಹತ್ತಿರದ ಕಾದಾಟದಲ್ಲಿ, ಉಳಿಯೋದೇ ಕಷ್ಟ.