ಸ್ಪೋರ್ಟ್ಸ್ ಕಾರಿಗೆ ಶಾಕ್ ಹಾಕಿಸುವ ಮೊದಲು ಇದನ್ನೊಮ್ಮೆ ಓದಿ: ಮಂಗಳೂರಿನಲ್ಲಿ ನನಗಾದದ್ದು

ಮಂಗಳೂರು, ಉಡುಪಿ ಕಡೆ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಈಗ ಕಡಿಮೆ ಏನಿಲ್ಲ. ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಸೆಕೆಂಡ್ ಹ್ಯಾಂಡ್ ತಂದು ಪ್ರೀತಿಯಿಂದ ಓಡಿಸುವವರು ತುಂಬಾ ಜನ ಇದ್ದಾರೆ. ಈ ಕಾರುಗಳಲ್ಲಿ ಹೆಚ್ಚಿನವು ಹತ್ತು ವರ್ಷ ದಾಟಿವೆ. ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ, ಚಿಕ್ಕದಾಗಿ ಶಾಕ್), ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಸೇರಿದ ಜೋಡಣೆ) ಬದಲಿಸುವ ಸಮಯ ಬಂದಿರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಂದದ ಶಾಕ್ ಹಾಕಿದರೆ ಹಣ ಹೋಗುವುದಷ್ಟೇ ಅಲ್ಲ, ಮಳೆಯಲ್ಲಿ ಕಾರು ಕೈ ತಪ್ಪುತ್ತದೆ. ನನಗೆ ಎರಡೂ ಆಯಿತು.

ನನ್ನದು 2011ರ ಬಿಎಂಡಬ್ಲ್ಯು ಝೆಡ್4. ಎರಡೇ ಸೀಟು. ಹಿಂದಿನ ಶಾಕ್‌ಗಳಿಂದ ಎಣ್ಣೆ ಸೋರುತ್ತಿತ್ತು. ಹಂಪ್ ದಾಟಿದ ಮೇಲೂ ಕಾರು ಮೇಲೆ ಕೆಳಗೆ ಕುಣಿಯುತ್ತಿತ್ತು. ಮಂಗಳೂರಿನ ಒಂದು ಅಂಗಡಿಗೆ ಹೋದೆ. ಹೆಸರು ಹೇಳುವುದಿಲ್ಲ. ಅಲ್ಲಿ ಮೂರು ಮಾತು ಸ್ಪಷ್ಟವಾಗಿ ಹೇಳಿದೆ. ಕಾರಿನ ಎತ್ತರ ಇಳಿಯಬಾರದು, ಕಂಪನಿ ಸ್ಪ್ರಿಂಗೇ ಇರಬೇಕು, ಶಾಕ್ ಹೊಚ್ಚ ಹೊಸದಾಗಿರಬೇಕು.

"ಆಯ್ತು ಸರ್, ಇಂಪೋರ್ಟೆಡ್ ಗ್ಯಾಸ್ ಶಾಕ್ ಬಂದಿದೆ. ಟ್ರ್ಯಾಕ್ ಕ್ವಾಲಿಟಿ. ನಿಮ್ಮ ಗಾಡಿಗೆ ಕರೆಕ್ಟ್ ಫಿಟ್" ಎಂದರು. ತೋರಿಸಿದ್ದು ಹಳದಿ ಬಣ್ಣದ ಟ್ಯೂಬ್‌ಗಳು. ಬಿಲ್ಲಿನಲ್ಲಿ "ಸಸ್ಪೆನ್ಶನ್ ಕಿಟ್, 1 ಸೆಟ್" ಎಂದಷ್ಟೇ ಬರೆದರು. ಪಾರ್ಟ್ ನಂಬರ್ ಬರೆಯಿರಿ ಅಂದದ್ದಕ್ಕೆ, ಆಮೇಲೆ ವಾಟ್ಸಾಪ್ ಮಾಡುತ್ತೇವೆ ಅಂದರು. ಆ ಮೆಸೇಜ್ ಬರಲೇ ಇಲ್ಲ.

ಕಾರು ಕೈಗೆ ಬಂದಾಗ ಮುಂದುಗಡೆ ಎರಡು ಬೆರಳಿನಷ್ಟು ತಗ್ಗಿತ್ತು. ಕೇಳಿದೆ. "ಹೊಸದಲ್ವಾ ಸರ್, ಸ್ವಲ್ಪ ಓಡಿದ ಮೇಲೆ ಸೆಟ್ ಆಗ್ತದೆ" ಎಂಬ ಉತ್ತರ ಬಂತು. ಇದು ಸುಳ್ಳು. ಓಡಿದ ಹಾಗೆ ಸ್ಪ್ರಿಂಗ್ ಸ್ವಲ್ಪ ಇಳಿಯಬಹುದು, ಏರುವುದಂತೂ ಇಲ್ಲ.

ಕೂಳೂರು ಸೇತುವೆಯ ಜಾಯಿಂಟ್‌ಗಳ ಮೇಲೆ ಹೋದಾಗ ಪ್ರತಿ ಸಲ ಡಬ್ ಡಬ್ ಅಂತ ಸದ್ದು. ಸುರತ್ಕಲ್ ದಾಟಿ ಉಡುಪಿ ಕಡೆ ಹೋಗುವಾಗ ಸಾಲಾಗಿ ಹೊಂಡಗಳು ಬಂದರೆ, ಮೊದಲ ಹೊಂಡಕ್ಕಿಂತ ಎರಡನೆಯದು ಜೋರಾಗಿ ಹೊಡೆಯುತ್ತಿತ್ತು, ಮೂರನೆಯದು ಇನ್ನೂ ಜೋರಾಗಿ. ಸ್ಪೋರ್ಟ್ಸ್ ಶಾಕ್ ಅಂದರೆ ಗಡಸು ಇರುತ್ತದೆ ಅನ್ನುವುದು ಬೇರೆ, ಇದು ಬೇರೆ. ಗಡಸಾದ ಶಾಕ್ ಉಬ್ಬು ತಗ್ಗನ್ನು ನಿಮಗೆ ತಿಳಿಸುತ್ತದೆ, ಆದರೆ ಒಂದೇ ಸಲ ಹಿಡಿದು ಬಿಡುತ್ತದೆ. ನನ್ನ ಕಾರಿನಲ್ಲಿ ಲೋಹಕ್ಕೆ ಲೋಹ ಬಡಿದ ಹಾಗೆ ಕೇಳುತ್ತಿತ್ತು.

ಕಾರ್ಕಳದಿಂದ ಮಾಳ ದಾಟಿ ಕುದುರೆಮುಖದ ಕಡೆ ಏರುವ ಘಾಟಿಯಲ್ಲಿ ಅದು ಅಪಾಯಕ್ಕೇ ತಿರುಗಿತು. ಮಳೆ ಬರುತ್ತಿತ್ತು. ಪಕ್ಕದಲ್ಲಿ ಹೆಂಡತಿ ಇದ್ದಳು. ವೇಗ ಏನೂ ಜಾಸ್ತಿ ಇರಲಿಲ್ಲ. ತಿರುವಿನ ಮಧ್ಯದಲ್ಲಿ ರಸ್ತೆ ಒಂದಿಷ್ಟು ಕುಸಿದಿತ್ತು. ಹಿಂದಿನ ಚಕ್ರ ಅದರಲ್ಲಿ ಇಳಿದದ್ದೇ ತಡ, ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು. ಜಾರುವ ಕಾರನ್ನು ತಾನಾಗಿ ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಹಿಡಿಯಿತು, ಎದುರಿನಿಂದ ಯಾವ ಬಸ್ಸೂ ಬರುತ್ತಿರಲಿಲ್ಲ, ಹಾಗಾಗಿ ಬದುಕಿದೆವು. ಹಿಂದಿರುಗುವ ದಾರಿಯಿಡೀ ಅವಳು ಒಂದು ಮಾತೂ ಆಡಲಿಲ್ಲ.

ಆಗಿದ್ದೇನು ಎಂದು ಆಮೇಲೆ ತಿಳಿಯಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದ ಹಾಗೆ ತಡೆಯುವುದು ಶಾಕ್. ಒಳಗಿರುವ ಎಣ್ಣೆಯನ್ನು ಪಿಸ್ಟನ್ನಿನ ಸಣ್ಣ ವಾಲ್ವ್‌ಗಳ ಮೂಲಕ ನುಗ್ಗಿಸಿ, ಕುಣಿತದ ಶಕ್ತಿಯನ್ನು ಬಿಸಿಯಾಗಿ ಮಾಡಿ ಹೊರಗೆ ಬಿಡುತ್ತದೆ. ಚಕ್ರ ಮೇಲೆ ಬರುವಾಗ ಒಂದು ತಡೆ, ಕೆಳಗೆ ಮರಳುವಾಗ ಇನ್ನೊಂದು ತಡೆ. ಈ ಮರಳುವಾಗಿನ ತಡೆಯನ್ನು ರಿಬೌಂಡ್ ಅನ್ನುತ್ತಾರೆ. ಅದು ಅತಿಯಾಗಿದ್ದರೆ, ಮುಂದಿನ ಹೊಂಡ ಬರುವಷ್ಟರಲ್ಲಿ ಚಕ್ರ ಪೂರ್ತಿ ಕೆಳಗೆ ಇಳಿದಿರುವುದೇ ಇಲ್ಲ. ಹೊಂಡದ ಮೇಲೆ ಹೊಂಡ ಬಂದರೆ ಕಾರು ತಗ್ಗುತ್ತಲೇ ಹೋಗುತ್ತದೆ. ಕೊನೆಗೆ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿನ ಮೇಲೆ ಕೂರುತ್ತದೆ. ತಿರುವಿನಲ್ಲಿ ಹಾಗೆ ಕೂತರೆ ಸಸ್ಪೆನ್ಶನ್ ಒಮ್ಮೆಗೇ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಟೈರಿನ ಹಿಡಿತ ತಪ್ಪುತ್ತದೆ. ಕಾರನ್ನು ತಗ್ಗಿಸಿದ್ದರೆ ಬಂಪ್ ಸ್ಟಾಪ್ ಮೊದಲೇ ಹತ್ತಿರ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ರಸ್ತೆಗಳ ಸ್ಥಿತಿ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್ ತರದ ನುಣುಪು ರಸ್ತೆಗೆ ಸರಿಯಾಗುವ ಸೆಟ್ಟಿಂಗ್ ಪಡುಬಿದ್ರಿ ಸರ್ವಿಸ್ ರಸ್ತೆಗೆ ಆಗುವುದಿಲ್ಲ.

ಅಂಗಡಿಗೆ ಹೋಗಿ ಹೇಳಿದೆ. "ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೇ ಸರ್. ಕಂಫರ್ಟ್ ಬೇಕಾದ್ರೆ ಸೆಡಾನ್ ತಗೊಳ್ಬೇಕಿತ್ತು" ಅಂದರು. ವಾರಂಟಿ ಕೇಳಿದರೆ, ಹೊಂಡಕ್ಕೆ ಬಿದ್ದ ಶಾಕ್‌ಗೆ ವಾರಂಟಿ ಇಲ್ಲ ಅಂದರು. ಉಡುಪಿ ಜಿಲ್ಲೆಯಲ್ಲಿ ಹೊಂಡಕ್ಕೆ ಬೀಳದ ಶಾಕ್ ಯಾವುದು?

ಆಮೇಲೆ ಉಡುಪಿ ಹತ್ತಿರದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಒಯ್ದೆ. ಅವರು ಎಲ್ಲವನ್ನೂ ಬಿಚ್ಚಿ ಒಂದೊಂದನ್ನೇ ಕೈಗೆ ಕೊಟ್ಟು ತೋರಿಸಿದರು. ಮೊದಲು ಸ್ಪ್ರಿಂಗ್. "ಇದ್ರ ತುದಿ ನೋಡಿ ಮಾರಾಯ್ರೇ" ಅಂದರು. ಗ್ರೈಂಡರ್‌ನಿಂದ ಒಂದು ಸುತ್ತು ಕತ್ತರಿಸಿ ತೆಗೆದಿದ್ದರು! ನನ್ನ ಕಂಪನಿ ಸ್ಪ್ರಿಂಗ್, ನನ್ನನ್ನು ಕೇಳದೆ. ಕಾರಣವೂ ಸ್ಪಷ್ಟವಾಯಿತು. ಅಂಗಡಿಯವರು ಹಾಕಿದ ಶಾಕ್, ತಗ್ಗಿಸಿದ ಕಾರುಗಳಿಗೆಂದು ಉದ್ದ ಕಡಿಮೆ ಮಾಡಿದ ಬಗೆಯದು. ಕಂಪನಿ ಸ್ಪ್ರಿಂಗ್ ಅದರ ಮೇಲೆ ಸರಿಯಾಗಿ ಕೂರಲಿಲ್ಲ. ಸರಿಯಾದ ಶಾಕ್ ತರಿಸುವ ಬದಲು ಸ್ಪ್ರಿಂಗನ್ನೇ ಕತ್ತರಿಸಿದರು. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಿಡ್ಡವಾಗುವುದಷ್ಟೇ ಅಲ್ಲ, ಗಡಸೂ ಆಗುತ್ತದೆ. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ಆಮೇಲೆ ಶಾಕ್. ಹಳದಿ ಬಣ್ಣವನ್ನು ಸ್ವಲ್ಪ ಕೆರೆದಾಗ ಕೆಳಗೆ ಹಳೇ ಬಣ್ಣ, ತಳದಲ್ಲಿ ಒಂದು ವೆಲ್ಡಿಂಗ್ ಗುರುತು. ತೂತು ಹೊಡೆದು ಎಣ್ಣೆ ತುಂಬಿ ಮತ್ತೆ ಮುಚ್ಚಿದ ಶಾಕ್ ಅದು. ರಾಡನ್ನು ಕೈಯಿಂದ ಒಳಗೆ ತಳ್ಳಿದರು. ತಳ್ಳಿದಲ್ಲೇ ನಿಂತಿತು. ಎಣ್ಣೆಯ ಜೊತೆ ಒತ್ತಡದ ಗ್ಯಾಸ್ ಇರುವ ಶಾಕ್ ಆಗಿದ್ದರೆ ರಾಡ್ ತಾನಾಗಿ ಹೊರಗೆ ಬರಬೇಕು. ಮೊನೊಟ್ಯೂಬ್ (ಒಂದೇ ಕೊಳವೆಯ ಶಾಕ್) ಆದರೆ ಒಳಗೆ ನೈಟ್ರೋಜನ್ ಒತ್ತಡ 20 ಬಾರ್‌ಗೂ ಹೆಚ್ಚಿರುತ್ತದೆ, ತಳ್ಳುವುದಕ್ಕೇ ಬಲ ಬೇಕು. ಹೊಸ ಗ್ಯಾಸ್ ಶಾಕ್ ಬಾಕ್ಸಿನಿಂದ ತೆಗೆಯುವಾಗ ಅದರ ರಾಡಿಗೆ ಪಟ್ಟಿ ಕಟ್ಟಿರುವುದು ಇದಕ್ಕೇ. ಅಂಗಡಿಯಲ್ಲೇ ಈ ಪರೀಕ್ಷೆ ಮಾಡಬಹುದು, ಒಂದು ನಿಮಿಷವೂ ಬೇಡ.

ರಾಡಿನ ಕ್ರೋಮ್ ಮೇಲೆ ಪ್ಲೈಯರ್ ಹಲ್ಲಿನ ಗೀರುಗಳಿದ್ದವು. ಮೇಲಿನ ನಟ್ ಬಿಗಿ ಮಾಡುವಾಗ ರಾಡ್ ತಿರುಗದಿರಲಿ ಅಂತ ಹಿಡಿದಿದ್ದಾರೆ. ಆ ಗೀರು ಮೇಲೆ ಕೆಳಗೆ ಓಡಾಡುವಾಗ ಸೀಲನ್ನು ಹರಿಯುತ್ತದೆ, ಎಣ್ಣೆ ಸೋರುತ್ತದೆ. ಹೊಸ ಶಾಕ್ ಹಾಕಿದರೂ ಹೀಗೆ ಕೆಲಸ ಮಾಡಿದರೆ ಒಂದು ಮಳೆಗಾಲ ದಾಟುವುದಿಲ್ಲ. ಬಂಪ್ ಸ್ಟಾಪ್, ಟಾಪ್ ಮೌಂಟ್ (ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ಎರಡೂ ಹಳೆಯವೇ. ಬಂಪ್ ಸ್ಟಾಪ್ ಕೈಯಲ್ಲಿ ಪುಡಿಯಾಯಿತು. ಆದರೆ ಕಿಟ್ ಅಂತ ಬರೆದು ಇವೆಲ್ಲದಕ್ಕೂ ಸೇರಿಸಿಯೇ ದುಡ್ಡು ತೆಗೆದುಕೊಂಡಿದ್ದರು. ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಹಾಗಾದರೆ ಏನು ಹಾಕಿಸಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ದಿನವೂ ಓಡಿಸುವ ಕಾರಿಗೆ ಕಂಪನಿ ಎತ್ತರ, ಕಂಪನಿ ಸ್ಪ್ರಿಂಗ್, ಅದಕ್ಕೆ ಹೊಂದುವ ಒಳ್ಳೆಯ ಶಾಕ್. ಇಷ್ಟೇ. ಹೆಸರು ಗೊತ್ತಿದ್ದರೆ ಅಂಗಡಿಯವರು ಆಟ ಆಡಿಸುವುದು ಕಷ್ಟ. ಬಿಲ್‌ಸ್ಟೈನ್ ಬ್ರ್ಯಾಂಡಿನದು ತೆಗೆದುಕೊಂಡರೆ, ಬಿ4 ಅನ್ನುವುದು ಕಾರಿನ ಜೊತೆ ಬಂದ ಕಂಪನಿ ಶಾಕ್‌ನ ಬದಲಿಗೆ. ಬಿ6 ಕಂಪನಿ ಸ್ಪ್ರಿಂಗ್ ಜೊತೆಗೇ ಹಾಕುವ, ಸ್ವಲ್ಪ ಗಡಸು, ಮೊನೊಟ್ಯೂಬ್. ಬಿ8 ಅಂದರೆ ತಗ್ಗಿಸಿದ ಸ್ಪ್ರಿಂಗ್‌ಗೆ ಅಂತ ಗಿಡ್ಡ ಮಾಡಿದ್ದು. ಬಿ6, ಬಿ8 ಎರಡೂ ಹಳದಿಯೇ. ಕೋನಿ ಕಂಪನಿಯ ಸ್ಪೋರ್ಟ್ ಕೂಡ ಹಳದಿ, ಅದರಲ್ಲಿ ರಿಬೌಂಡ್ ಮಾತ್ರ ಹೊಂದಿಸಬಹುದು. ಬಣ್ಣ ನೋಡಿ ಏನೂ ತಿಳಿಯುವುದಿಲ್ಲ, ಪಾರ್ಟ್ ನಂಬರ್ ನೋಡಬೇಕು. ತುಂಬಾ ಜರ್ಮನ್ ಕಾರುಗಳಿಗೆ ಕಾರ್ಖಾನೆಯಲ್ಲೇ ಸಾಕ್ಸ್ (Sachs) ಎಂಬ ಬ್ರ್ಯಾಂಡಿನ ಶಾಕ್ ಬರುತ್ತದೆ. ಅದೇ ಮತ್ತೆ ಹಾಕಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ರನ್ ಫ್ಲಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಇರುವ ಕಾರಾದರೆ ನಾನಂತೂ ಅದನ್ನೇ ಹೇಳುತ್ತೇನೆ. ಆ ಟೈರಿನ ಗೋಡೆಯೇ ಗಡಸು, ಅದರ ಮೇಲೆ ಗಡಸು ಶಾಕ್ ಬೇಡ.

ಕಾಯ್ಲೋವರ್ (ಎತ್ತರ ಹೊಂದಿಸಲು ಬರುವ, ಸ್ಪ್ರಿಂಗ್ ಶಾಕ್ ಒಟ್ಟಿಗಿರುವ ಸೆಟ್) ಆಸೆ ಇರುವವರಿಗೆ ಒಂದು ಮಾತು. ಎತ್ತರ ಹೊಂದಿಸಲು ಅದರ ಮೈಮೇಲೆ ಸ್ಕ್ರೂವಿಗಿರುವ ಹಾಗೆ ಥ್ರೆಡ್ ಇರುತ್ತದೆ. ನಮ್ಮ ಉಪ್ಪು ಗಾಳಿ, ಮಳೆ ನೀರು, ಕೆಸರು ಸೇರಿದರೆ ಅಗ್ಗದ ಕಾಯ್ಲೋವರ್‌ನ ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಹೊಂದಿಸಲು ಬರುವುದೇ ಇಲ್ಲ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಕಾರು ನಿಲ್ಲಿಸುವವರು ಇದನ್ನು ಮರೆಯಬಾರದು. ಯಾವ ಶಾಕ್ ಆದರೂ ರಾಡಿನ ಮೇಲಿನ ರಬ್ಬರ್ ಕವರ್ ಹರಿದಿದ್ದರೆ ತಕ್ಷಣ ಬದಲಿಸಿ, ಇಲ್ಲದಿದ್ದರೆ ಕ್ರೋಮ್ ಮೇಲೆ ತುಕ್ಕಿನ ಚುಕ್ಕಿ ಬೀಳುತ್ತದೆ.

ಪಾರ್ಟ್ ನಂಬರನ್ನು ಅಂಗಡಿಯವರನ್ನೇ ನಂಬಿ ಬಿಡಬೇಡಿ. ಬಿಎಂಡಬ್ಲ್ಯು ಆದರೆ ಚಾಸಿ ನಂಬರಿನ ಕೊನೆಯ 7 ಅಕ್ಷರ ಕೊಟ್ಟರೆ ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ನಿಮ್ಮದೇ ಕಾರಿನ ಶಾಕ್ ನಂಬರ್ ಸಿಗುತ್ತದೆ. ಒಂದೇ ಮಾಡೆಲ್‌ನಲ್ಲೂ ಸಾದಾ, ಸ್ಪೋರ್ಟ್, ಎಲೆಕ್ಟ್ರಾನಿಕ್ ಅಂತ ಬೇರೆ ಬೇರೆ ಇರುತ್ತವೆ. ಹಳೇ ಶಾಕ್‌ಗೆ ವೈರ್ ಕನೆಕ್ಟರ್ ಬಂದಿದ್ದರೆ ಅದು ಎಲೆಕ್ಟ್ರಾನಿಕ್. ಅಲ್ಲಿ ಸಾದಾ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ವಾರ್ನಿಂಗ್ ಬರಬಹುದು.

ಹಾಕುವ ಕೆಲಸದ ವಿಷಯ. ಒಂದು ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಜೋಡಿ ಚಕ್ರದ) ಎರಡೂ ಕಡೆ ಒಟ್ಟಿಗೇ ಬದಲಿಸಬೇಕು. ಬಂಪ್ ಸ್ಟಾಪ್, ಟಾಪ್ ಮೌಂಟ್ ಹೊಸದೇ ಹಾಕಿಸಿ, ಲೇಬರ್ ಹೇಗೂ ಒಂದೇ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳ ಕೊನೆಯ ಬಿಗಿ, ಕಾರಿನ ಭಾರ ಚಕ್ರದ ಮೇಲೆ ಇದ್ದಾಗಲೇ ಆಗಬೇಕು. ಲಿಫ್ಟ್ ಮೇಲೆ ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್, ಅದರ ಪ್ರಿಂಟ್ ಸಮೇತ. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಚಕ್ರದ ಕೋನ ಬದಲಾಗಬಹುದು. ನನ್ನ ಕಾರಿಗೆ ಆ ಅಂಗಡಿಯವರು ಅಲೈನ್‌ಮೆಂಟ್ ಮಾಡಿಯೇ ಇರಲಿಲ್ಲ, ಮುಂದಿನ ಎರಡೂ ಟೈರು ಒಳಬದಿಯಲ್ಲಿ ಸವೆದು ಹೋದವು.

ಈಗ ಕಾರಿನಲ್ಲಿರುವುದು ಕಂಪನಿ ನಂಬರಿನ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್. ಹೆಂಡತಿ ಮತ್ತೆ ಪಕ್ಕದಲ್ಲಿ ಕೂರುತ್ತಾಳೆ. ಆಗುಂಬೆಯ 14 ತಿರುವುಗಳನ್ನೂ ಮಳೆಯಲ್ಲೇ ಹತ್ತಿ ಬಂದೆವು, ಕಾರು ರಸ್ತೆ ಬಿಟ್ಟು ಅಲುಗಲಿಲ್ಲ.

ಹಣದ ವಿಷಯ ಬಾಕಿ ಇದೆ. ಇಂಥದ್ದು ನಿಮಗೂ ಆಗಿದ್ದರೆ ಸುಮ್ನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಂಗಡಿ ಮಂಗಳೂರಿನಲ್ಲಿದ್ದು ಮನೆ ಉಡುಪಿಯಲ್ಲಿದ್ದರೂ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾನು ಕತ್ತರಿಸಿದ ಸ್ಪ್ರಿಂಗ್, ವೆಲ್ಡ್ ಮಾಡಿದ ಶಾಕ್, ಫೋಟೊ, ಬಿಲ್ ಎಲ್ಲವನ್ನೂ ಇಟ್ಟುಕೊಂಡಿದ್ದೇನೆ, ದೂರು ಬರೆಯುತ್ತಿದ್ದೇನೆ. ನೀವೂ ಬಿಚ್ಚಿದ ಹಳೇ ಪಾರ್ಟುಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಎಣ್ಣೆ ಸೋರುತ್ತಿದ್ದರೂ ಸರಿ, ಗೋಣಿಯಲ್ಲಿ ಸುತ್ತಿ ಮನೆಗೆ ತನ್ನಿ.