ಕಡಪ ಕಲ್ಲಿನ ಅಡುಗೆ ಕಟ್ಟೆ: ಆರು ವರ್ಷ ಬಳಸಿದ ಮೇಲೆ

ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಹೋಳನ್ನು ಪಾಲಿಶ್ ಮಾಡಿದ ಕಡಪ ಕಲ್ಲಿನ ಮೇಲೆ ಬೋರಲು ಹಾಕಿ ಹತ್ತು ನಿಮಿಷ ಬಿಟ್ಟರೆ ಸಾಕು, ದುಂಡನೆಯ ಬಿಳಿ ಗುರುತು ಕೂತುಬಿಡುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿದ ಕೂಡಲೇ ಮತ್ತೆ ಎದ್ದು ಬರುತ್ತದೆ. ದಿನಕ್ಕೆರಡು ಹೊತ್ತಿನ ಅಡುಗೆ, ಬೋರ್‌ವೆಲ್‌ನ ಗಡಸು ನೀರು ಎರಡನ್ನೂ ಆರು ವರ್ಷ ತಡೆದುಕೊಂಡ ಕಟ್ಟೆ ಇದು. ಆದರೂ ಮೊದಲು ಹೇಳಬೇಕಾದದ್ದು ಈ ಗುರುತಿನ ವಿಷಯವನ್ನೇ. ಕಲ್ಲಿನ ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ.

ಕಾರಣ ಸರಳ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲೂ ಅದೇ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ, ಹುಣಸೆ, ಟೊಮೇಟೊ, ಹುಳಿ ಮಜ್ಜಿಗೆ, ಯಾವುದು ಬಿದ್ದರೂ ಆ ಜಾಗದ ಹೊಳಪು ಕರಗಿ ಹೋಗುತ್ತದೆ. ಅಂದರೆ ಅದು ಮೇಲೆ ಅಂಟಿದ ಕಲೆಯಲ್ಲ, ಕಲ್ಲೇ ಸವೆದದ್ದು. ಗ್ರಾನೈಟಿನ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಅಡುಗೆಮನೆಯ ಹುಳಿಗೆ ಬಗ್ಗುವುದಿಲ್ಲ.

ಸಿಂಕಿನ ಸುತ್ತ ಇದು ಇನ್ನೂ ಗೋಜಲಾಗುತ್ತದೆ. ಅಲ್ಲಿ ಗಡಸು ನೀರು ಒಣಗಿ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ತೆಗೆಯಲು ವಿನೆಗರ್ ಅಥವಾ ನಿಂಬೆರಸ ಹಚ್ಚಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಆದರೆ ಆ ಪೊರೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ, ಕೆಳಗಿನ ಕಲ್ಲೂ ಅದೇ. ಪೊರೆಯನ್ನು ತಿನ್ನುವ ಹುಳಿ ಕಲ್ಲನ್ನೂ ತಿನ್ನುತ್ತದೆ. ವಾರವಾರ ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ಬೆಳಗುವ ಮನೆಗಳಲ್ಲಿ ಸಿಂಕಿನ ಪಕ್ಕದ ಒಂದಡಿ ಜಾಗ ಮೊದಲು ಬೂದು ಬಣ್ಣಕ್ಕೆ ತಿರುಗುವುದು ಇದರಿಂದಲೇ. ದೀಪಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಸಿಂಕಿನ ಒಳಗೇ ಬೆಳಗಬೇಕು. ಉಗುರಿನಿಂದ ಕೆರೆದಾಗ ತರಿತರಿಯಾಗಿ ಸಿಕ್ಕರೆ ಅದು ನೀರಿನ ಪೊರೆ. ಸೋಪಿನ ನೀರು ಹಾಕಿ ಬ್ಲೇಡನ್ನು ಮಲಗಿಸಿ ಹೆರೆದರೆ ಬಿಡುತ್ತದೆ. ಕೈಗೇನೂ ಸಿಗದೆ ಬರೀ ಮಂಕಾಗಿ ಕಂಡರೆ ಅದು ಹುಳಿ ತಿಂದ ಜಾಗ.

ಮೊದಲೆರಡು ವರ್ಷದ ಅಭಿಪ್ರಾಯ ಕೇಳಿದ್ದರೆ ‘ಬೇಡ’ ಎಂದೇ ಉತ್ತರ ಬರುತ್ತಿತ್ತು. ಆಮೇಲೆ ತಿಳಿದದ್ದು, ಜಗಳವೆಲ್ಲ ಪಾಲಿಶಿನದು ಎಂದು. ಹೊಳಪಿನ ನಡುವೆ ಇರುವುದರಿಂದಲೇ ಮಂಕು ಮಚ್ಚೆ ಕಣ್ಣಿಗೆ ಚುಚ್ಚುತ್ತದೆ. ಇಡೀ ಕಟ್ಟೆಯ ಹೊಳಪನ್ನೇ ತೆಗೆದುಬಿಟ್ಟರೆ ಹೊಸ ಗುರುತುಗಳು ಅಷ್ಟಾಗಿ ಕಾಣುವುದಿಲ್ಲ. ನೀರಿನಲ್ಲಿ ಬಳಸುವ ಎಮರಿ ಕಾಗದ ತನ್ನಿ. ಮೊದಲು 220 ನಂಬರ್, ನಂತರ 400. ಕಲ್ಲನ್ನು ಸದಾ ಒದ್ದೆಯಾಗಿಟ್ಟು, ಮರದ ತುಂಡಿಗೆ ಕಾಗದ ಸುತ್ತಿ, ದುಂಡಗೆ ಉಜ್ಜಬೇಕು. ಒಣ ಉಜ್ಜಿದರೆ ಧೂಳು ಮೂಗಿಗೆ, ಗೀರು ಕಲ್ಲಿಗೆ. 400ಕ್ಕಿಂತ ನಯ ಮಾಡಿದರೆ ಹೊಳಪು ಮರಳಿ ಬರತೊಡಗುತ್ತದೆ, ಅಲ್ಲಿಗೇ ನಿಲ್ಲಿಸಿ.

ತೊಳೆದು ಒಂದಿಡೀ ರಾತ್ರಿ ಒಣಗಲು ಬಿಟ್ಟರೆ ಕಲ್ಲು ಸಿಮೆಂಟಿನಂತೆ ಬೂದಾಗಿ ಕಾಣುತ್ತದೆ. ಗಾಬರಿ ಬೇಡ. ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಹಳೇ ಪಂಚೆಯ ಚೂರಿನಿಂದ ತೆಳ್ಳಗೆ ಸವರಿ. ಬೂದು ಬಣ್ಣ ಬಟ್ಟೆಯ ಹಿಂದೆಯೇ ಕಡುಗಪ್ಪಾಗುತ್ತಾ ಹೋಗುವುದನ್ನು ನೋಡುವುದೇ ಒಂದು ಸುಖ. ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಳಿದ ಎಣ್ಣೆಗೆ ಹಿಟ್ಟು, ಧೂಳು ಮೆತ್ತಿಕೊಳ್ಳುತ್ತದೆ. ಮೊದಲ ಸಲ ಮೂರು ರಾತ್ರಿ, ನಂತರ ತಿಂಗಳಿಗೊಮ್ಮೆ, ಸಿಂಕಿನ ಹತ್ತಿರ ಹದಿನೈದು ದಿನಕ್ಕೊಮ್ಮೆ. ಸೂರ್ಯಕಾಂತಿ ಎಣ್ಣೆ ಬೇಡ, ಗಾಳಿಗೆ ಜಿಗುಟಾಗುತ್ತದೆ. ಎಣ್ಣೆ ಹುಳಿಯನ್ನು ತಡೆಯುವುದಿಲ್ಲ, ಬಣ್ಣ ಕೊಡುತ್ತದೆ ಮತ್ತು ನೀರು ಇಂಗುವುದನ್ನು ನಿಧಾನಿಸುತ್ತದೆ, ಅಷ್ಟೇ. ಅರಿಶಿನ ಚೆಲ್ಲಿದ್ದು ಮಾತ್ರ ಈ ಕಪ್ಪಿನ ಮೇಲೆ ಕಾಣಿಸಿಕೊಂಡಿಲ್ಲ.

ಇಷ್ಟೆಲ್ಲ ಯಾಕೆ, ಕ್ವಾರ್ಟ್ಜ್ ಹಾಕಿಸಬಹುದಲ್ಲ ಎನ್ನುವವರಿದ್ದಾರೆ. ಆ ಹಲಗೆ ಕಲ್ಲುಪುಡಿಯನ್ನು ಪ್ಲಾಸ್ಟಿಕ್ ರಾಳದಲ್ಲಿ ಕಟ್ಟಿದ್ದು. ಒಲೆಯಿಂದಿಳಿಸಿದ ಬಾಣಲೆ ಇಟ್ಟರೆ ರಾಳ ಹಳದಿಯಾಗುತ್ತದೆ. ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶ ಕೆಡಿಸುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದೆ. ಪರಿಸರದ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಹಳೇ ಕಡಪ. ಕೆಡವಿದ ಮನೆಗಳ ಅಟ್ಟ, ಶೆಲ್ಫುಗಳ ಚಪ್ಪಡಿಗಳನ್ನು ಕೊಯ್ಯಿಸಿ, ಉಜ್ಜಿಸಿ ಹಾಕಬಹುದು. ಹೊಸದಾಗಿ ಗಣಿಯಿಂದ ಏನೂ ತೆಗೆಯಬೇಕಿಲ್ಲ, ಖರ್ಚೂ ಕಡಿಮೆ. ಕೊಳ್ಳುವ ಮುನ್ನ ಚಪ್ಪಡಿಯನ್ನು ನಿಲ್ಲಿಸಿ ಬೆರಳ ಗಿಣ್ಣಿನಿಂದ ತಟ್ಟಿ. ಖಣ್ ಎನ್ನಬೇಕು, ಸದ್ದು ಒಡಕಾದರೆ ಒಳಗೆ ಸೀಳಿದೆ. ಉಗುರುಬಣ್ಣ ತೆಗೆಯುವ ದ್ರವವನ್ನು ಬಿಳಿ ಬಟ್ಟೆಯಲ್ಲಿ ಅದ್ದಿ ಒರೆಸಿ. ಕಪ್ಪು ಬಂದರೆ ಬಣ್ಣ ಬಳಿದ ಕಲ್ಲು.

ಕೂರಿಸುವಾಗ ಎಚ್ಚರ ಬೇಕಾದದ್ದು ಸಿಂಕಿನ ಕಂಡಿಯಲ್ಲಿ. ಮೂಲೆಗಳನ್ನು ಗ್ರೈಂಡರ್ ಬ್ಲೇಡಿನಿಂದ ಅಡ್ಡಡ್ಡ ಕೊಯ್ದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ನಾಲ್ಕೂ ಮೂಲೆಗೆ ಮೊದಲು ದುಂಡು ತೂತು ಕೊರೆದು, ತೂತಿನಿಂದ ತೂತಿಗೆ ಕೊಯ್ಯಿಸಿ. ಕಂಡಿಯ ಮುಂದೆ ಉಳಿಯುವ ಕಲ್ಲಿನ ಪಟ್ಟಿ ಕನಿಷ್ಠ ಮೂರು ಇಂಚು ಇರಲಿ, ಕೆಳಗೆ ಎರಡೆರಡು ಅಡಿಗೆ ಆಸರೆ ಇರಲಿ, ಎರಡು ಚಪ್ಪಡಿ ಕೂಡುವ ಸಂದು ಸಿಂಕಿನ ಮೇಲಾಗಲಿ ಒಲೆಯ ಕೆಳಗಾಗಲಿ ಬಾರದಿರಲಿ. ಮುಂದಿನ ಅಂಚಿನ ಅಡಿಭಾಗದಲ್ಲಿ ಅರ್ಧ ಇಂಚು ಒಳಗೆ ಒಂದು ಗೀರು ಹಾಕಿಸಿದರೆ ಚೆಲ್ಲಿದ ನೀರು ಕಪಾಟಿನ ಬಾಗಿಲಿಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಸಿಂಕಿಗಾಗಿ ಕೊಯ್ದು ತೆಗೆದ ತುಂಡನ್ನು ಮೇಸ್ತ್ರಿ ಒಯ್ಯದಂತೆ ಕೇಳಿ ಇಟ್ಟುಕೊಳ್ಳಿ. ಎಮರಿ, ಎಣ್ಣೆ ಏನನ್ನೇ ಆಗಲಿ ಮೊದಲು ಅದರ ಮೇಲೆ ಮಾಡಿ ನೋಡಬಹುದು. ಅಂಚು ದುಂಡು ಮಾಡಿಸಿದರೆ ಚಪಾತಿ ಲಟ್ಟಿಸಲು ತಣ್ಣನೆಯ ಮಣೆಯೂ ಆಗುತ್ತದೆ.